ವಾಷಿಂಗ್ಟನ್ ಅನ್ನೋ ಅಡ್ಡಹೆಸರು ಈಗ ಯಾರ ಪಾಲು?

ಅಮೆರಿಕದ ಒಂದು ಡಾಲರ್ ನೋಟನ್ನು ನಮ್ಮ ಪೇಟೆಯ ಅಂಗಡಿಯವರು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿರಬಹುದು. ಅದರ ಮೇಲೆ ತುಟಿ ಬಿಗಿದುಕೊಂಡು, ಯಾರ ಮೇಲೋ ಮುನಿಸಿಕೊಂಡವನ ಹಾಗೆ ಕೂತಿರುವ ಮುದುಕನೇ ಜಾರ್ಜ್ ವಾಷಿಂಗ್ಟನ್. ಆ ದೇಶದ ಮೊದಲ ಅಧ್ಯಕ್ಷ. ರಾಜಧಾನಿಗೆ ಅವನ ಹೆಸರು, ಒಂದು ರಾಜ್ಯಕ್ಕೆ ಅವನ ಹೆಸರು, ಬೀದಿ, ಸೇತುವೆ, ಸ್ಕೂಲುಗಳಿಗಂತೂ ಲೆಕ್ಕವಿಲ್ಲ. ಆದರೆ ಈ ಹೆಸರು ಹುಟ್ಟಿದ್ದು ಅಮೆರಿಕದಲ್ಲಲ್ಲ. ಅದು ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು. ಅದನ್ನು ಮುಂದಕ್ಕೆ ಹೊರುವುದಕ್ಕೆ ಜಾರ್ಜನಿಗೆ ಸ್ವಂತ ಮಕ್ಕಳೂ ಇರಲಿಲ್ಲ. ಹಾಗಾದರೆ ಅದು ಈಗ ಯಾರ ಮನೆಯಲ್ಲಿದೆ ಅಂತೀರಾ? ಕೇಳಿ.

ಇಂಗ್ಲೆಂಡಿನ ಉತ್ತರಕ್ಕೆ, ಹಳೇ ಡರ್ಹಾಮ್ ಸೀಮೆಯಲ್ಲಿ ವಾಷಿಂಗ್ಟನ್ ಎಂಬ ಊರು ಈಗಲೂ ಇದೆ. ಹಿಂದೆ ವೆಸಿಂಗ್ಟನ್ ಎಂದು ಬರೆಯುತ್ತಿದ್ದರು. 12ನೇ ಶತಮಾನದಲ್ಲಿ ವಿಲಿಯಂ ಎಂಬ ಜಮೀನುದಾರ ಹಾರ್ಟ್‌ಬರ್ನ್ ಎಂಬಲ್ಲಿದ್ದ ತನ್ನ ಭೂಮಿಯನ್ನು ಡರ್ಹಾಮಿನ ಬಿಷಪ್ಪನಿಗೆ ಬಿಟ್ಟುಕೊಟ್ಟು, ಬದಲಿಗೆ ಈ ಊರನ್ನು ಪಡೆದ. ಬಿಷಪ್ಪನ ಜಮೀನಿನ ಲೆಕ್ಕ ಬರೆದಿಟ್ಟ 1183ರ ದಫ್ತರದಲ್ಲಿ ಈ ಅದಲುಬದಲು ನಮೂದಾಗಿದೆ. ಹಾರ್ಟ್‌ಬರ್ನ್ ವಿಲಿಯಂ ಆಗಿದ್ದವನು ವಾಷಿಂಗ್ಟನ್ ವಿಲಿಯಂ ಆದ. ಊರ ಹೆಸರು ಅಂಟಿಸಿಕೊಳ್ಳೋದು ನಮಗೇನು ಹೊಸದೇ? ಸರ್ ಎಂ.ವಿ. ಅವರ ಹೆಸರಿನ ಎಂ ಅಂದರೆ ಮೋಕ್ಷಗುಂಡಂ, ಹಿರೀಕರು ಬಿಟ್ಟು ಬಂದ ಊರು.

ಈ ಮನೆತನದ ಒಂದು ಕವಲು ಲ್ಯಾಂಕಶೈರಿಗೆ ಇಳಿಯಿತು, ಅಲ್ಲಿಂದ ಇನ್ನೂ ದಕ್ಷಿಣಕ್ಕೆ ನಾರ್ಥಾಂಪ್ಟನ್ನಿಗೆ. ಅಲ್ಲಿ ಲಾರೆನ್ಸ್ ಎಂಬುವನು ಉಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿ ಊರಿಗೇ ಮೇಯರ್ ಆದ. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿ ಆಸ್ತಿ ಮಾರುತ್ತಿದ್ದ ಕಾಲ ಅದು. ಲಾರೆನ್ಸ್ 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿ ಮಠದ ಜಮೀನು ಕೊಂಡು ಮನೆ ಕಟ್ಟಿಸಿದ. ಮನೆಯ ಮೇಲೆ ಕೆತ್ತಿದ ಲಾಂಛನದಲ್ಲಿ ನಕ್ಷತ್ರಗಳೂ ಪಟ್ಟೆಗಳೂ ಇವೆ. ಅಮೆರಿಕದ ಬಾವುಟ ಇದರಿಂದಲೇ ಬಂತು ಅಂತ ಹೇಳುವವರಿದ್ದಾರೆ, ಅದಕ್ಕೆ ದಾಖಲೆ ಇಲ್ಲ. ವಾಷಿಂಗ್ಟನ್ ನಗರದ ಬಾವುಟವನ್ನು ಮಾತ್ರ 1938ರಲ್ಲಿ ಇದೇ ಲಾಂಛನ ನೋಡಿ ಮಾಡಿದರು.

ಈ ಮೇಯರನ ವಂಶದಲ್ಲಿ ಇನ್ನೊಬ್ಬ ಲಾರೆನ್ಸ್ ಹುಟ್ಟಿದ. ಎಸೆಕ್ಸಿನ ಪರ್ಲೀ ಎಂಬ ಹಳ್ಳಿಯಲ್ಲಿ ಚರ್ಚಿನ ಪಾದ್ರಿ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಾಗ, 1643ರಲ್ಲಿ ಪಾರ್ಲಿಮೆಂಟಿನವರು ಈತನನ್ನು ಕೆಲಸದಿಂದ ಕಿತ್ತುಹಾಕಿದರು. ಹೊರಿಸಿದ ಆರೋಪ ಏನು ಗೊತ್ತೇ? ಹೆಂಡದಂಗಡಿಗೆ ಹೋಗುತ್ತಾನೆ ಅಂತ. ರಾಜನ ಕಡೆಯವರನ್ನು ಓಡಿಸೋಕೆ ಆಗ ಇಂಥ ಆರೋಪ ಸಲೀಸಾಗಿ ಸಿಗುತ್ತಿತ್ತು ಅನ್ನಿ. ಪಾದ್ರಿ ಬಡತನದಲ್ಲೇ ಸತ್ತ. ಮಗ ಜಾನ್‌ಗೆ ಊರಲ್ಲಿ ಏನೂ ಉಳಿಯಲಿಲ್ಲ. ತಂಬಾಕು ವ್ಯಾಪಾರದ ಹಡಗೊಂದನ್ನು ಸೇರಿ ವರ್ಜೀನಿಯಾಕ್ಕೆ ಹೋದ. 1657ರಲ್ಲಿ ಪೊಟೊಮ್ಯಾಕ್ ನದಿಯಲ್ಲಿ ಆ ಹಡಗು ನೆಲಕಚ್ಚಿತು. ಅಷ್ಟರಲ್ಲಿ ಅಲ್ಲಿನ ಪೋಪ್ ಎಂಬ ಸಾಹುಕಾರನ ಪರಿಚಯವಾಗಿ, ಅವನ ಮಗಳನ್ನೇ ಮದುವೆಯಾಗಿ, ಮಾವನಿಂದ 700 ಎಕರೆ ಪಡೆದು ಅಲ್ಲೇ ನಿಂತ. ಕೆಟ್ಟು ಪಟ್ಟಣ ಸೇರು ಅಂತಾರಲ್ಲ, ಈತ ಕೆಟ್ಟು ಕಾಡು ಸೇರಿದ. ಅದೃಷ್ಟ ಖುಲಾಯಿಸಿತು.

ಆ ಜಾನ್‌ನ ಮರಿಮಗನೇ ನಮ್ಮ ಜಾರ್ಜ್. ಹುಟ್ಟಿದ್ದು 1732ರ ಫೆಬ್ರವರಿ 22. ಹನ್ನೊಂದು ವರ್ಷಕ್ಕೆ ಅಪ್ಪ ಸತ್ತ. ಆ ವಯಸ್ಸಿಗೇ ಹುಡುಗನ ಪಾಲಿಗೆ ಜಮೀನಿನ ಜೊತೆ ಹತ್ತು ಜನ ಗುಲಾಮರು ಬಂದರು. ಶಾಲೆ ಓದು ಅಷ್ಟಕ್ಕಷ್ಟೇ. ಹದಿನಾರಕ್ಕೆ ಸರಪಳಿ ಹಿಡಿದು ಕಾಡಿನ ಸರ್ವೆಗೆ ಹೊರಟ. 1751ರಲ್ಲಿ ಕಾಯಿಲೆಯ ಅಣ್ಣನ ಜೊತೆ ಬಾರ್ಬಡೋಸಿಗೆ ಹೋಗಿ ಸಿಡುಬು ಹತ್ತಿಸಿಕೊಂಡು ಬದುಕಿ ಬಂದ. 1755ರಲ್ಲಿ ಫ್ರೆಂಚರ ಮೇಲಿನ ಕಾಳಗದಲ್ಲಿ ಅವನ ಕೆಳಗೆ ಎರಡು ಕುದುರೆ ಸತ್ತವು, ಕೋಟಿನಲ್ಲಿ ನಾಲ್ಕು ಗುಂಡಿನ ತೂತು, ಮೈಗೆ ಒಂದು ಗೀರೂ ಇಲ್ಲ. ಗಟ್ಟಿ ಆಯುಸ್ಸು ಕಣ್ರೀ! 1759ರಲ್ಲಿ ಮಾರ್ಥಾ ಎಂಬ ಸಿರಿವಂತ ವಿಧವೆಯನ್ನು ಮದುವೆಯಾದ. ಅವಳಿಗೆ ಮೊದಲ ಗಂಡನಿಂದ ಇಬ್ಬರು ಮಕ್ಕಳು. ಇವನಿಗೆ ಆಗಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಬ್ರಿಟಿಷರು ಹೇರಿದ ತೆರಿಗೆಯ ಜಗಳ ಯುದ್ಧವಾಯಿತು, 1775ರಲ್ಲಿ ಈತ ದಂಡನಾಯಕ. ಚಪ್ಪಲಿ ಇಲ್ಲದ ಸೈನ್ಯ ಕಟ್ಟಿಕೊಂಡು ಹೆಣಗಿದ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶರಣಾದ. ಮುಖ ತೋರಿಸಲಾರದೆ ಮೈ ಸರಿಯಿಲ್ಲ ಎಂದು ಹೇಳಿ ಕತ್ತಿ ಒಪ್ಪಿಸಲು ಕೆಳಗಿನವನನ್ನು ಕಳಿಸಿದ. ಈ ಕಾರ್ನ್‌ವಾಲಿಸ್ ಯಾರು ಅಂತ ನಾವು ಮರೆಯೋ ಹಾಗಿಲ್ಲ. ಅಲ್ಲಿ ಸೋತ ಪುಣ್ಯಾತ್ಮ 1786ರಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದು, 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಒಯ್ದ.

ಅದೇ 1792ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಒಂದು ಕಾಗದ ಬರೆದ. ಲಂಡನ್ನಿನಲ್ಲಿ ವಂಶಾವಳಿ ಬರೆಯುವ ಅಧಿಕಾರಿಯೊಬ್ಬ ನಿಮ್ಮ ಹಿರಿಯರು ಎಲ್ಲಿಯವರು ಎಂದು ವಿಚಾರಿಸಿದ್ದ. ಈ ವಿಷಯಕ್ಕೆ ತಾನು ತಲೆ ಕೆಡಿಸಿಕೊಂಡಿಲ್ಲ, ಉತ್ತರದ ಯಾವುದೋ ಜಿಲ್ಲೆ, ಲ್ಯಾಂಕಶೈರೋ ಯಾರ್ಕ್‌ಶೈರೋ ಸರಿಯಾಗಿ ನೆನಪಿಲ್ಲ ಎಂಬ ಉತ್ತರ ಹೋಯಿತು. ರಾಜಧಾನಿಗೇ ಹೆಸರು ಕೊಟ್ಟವನಿಗೆ ತನ್ನ ಹೆಸರಿನ ಊರು ಗೊತ್ತಿರಲಿಲ್ಲ.

ಆ ಬಿಗಿದ ತುಟಿಯ ವಿಷಯಕ್ಕೆ ಬರೋಣ. 1789ರಲ್ಲಿ ಅಧ್ಯಕ್ಷನಾಗುವಾಗ ಬಾಯಲ್ಲಿ ಉಳಿದಿದ್ದು ಒಂದೇ ಒಂದು ಸ್ವಂತ ಹಲ್ಲು. ಮರದ ಹಲ್ಲು ಕಟ್ಟಿಸಿದ್ದ ಅನ್ನೋದು ಸುಳ್ಳು. ನೀರಾನೆಯ ದಂತ, ಲೋಹ, ಮನುಷ್ಯರ ಹಲ್ಲು ಸೇರಿಸಿ ಮಾಡಿದ ಸೆಟ್ಟು ಅವು. 1784ರ ಅವನ ಲೆಕ್ಕದ ಪುಸ್ತಕದಲ್ಲಿ ಗುಲಾಮರಿಂದ ಒಂಬತ್ತು ಹಲ್ಲು ಕೊಂಡದ್ದಕ್ಕೆ ಖರ್ಚು ಬರೆದಿದೆ. ಅವು ಯಾರ ಬಾಯಿಗೆ ಹೋದವು ಅನ್ನೋದನ್ನು ಪುಸ್ತಕ ಹೇಳುವುದಿಲ್ಲ. ಕೈ ಕಾಲಿನ ದುಡಿಮೆ ಸಾಲದೆ ಬಾಯಿಗೂ ಕೈ ಹಾಕಿದ್ದು ಮಾತ್ರ ದಾಖಲೆ.

ಈತನನ್ನು ಬರೀ ದುಷ್ಟ ಅಂತ ಬರೆದರೂ ತಪ್ಪಾಗುತ್ತೆ. ಗೆದ್ದ ಸೈನ್ಯ ಕೈಯಲ್ಲಿದ್ದಾಗಲೇ 1783ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು ಮನೆಗೆ ಹೋದವನು, ಎರಡು ಅವಧಿ ಮುಗಿಸಿ 1797ರಲ್ಲಿ ಕುರ್ಚಿ ಬಿಟ್ಟವನು. ಕುರ್ಚಿ ಬಿಡೋದು ಎಷ್ಟು ಕಷ್ಟ ಅಂತ ನಮ್ಮ ಪಂಚಾಯಿತಿ ನೋಡಿದವರಿಗೂ ಗೊತ್ತು. ಟಿಪ್ಪು ಮಡಿದ 1799ರಲ್ಲೇ, ಡಿಸೆಂಬರ್ 14ರಂದು ಗಂಟಲ ಬೇನೆಯಿಂದ ಸತ್ತ. ಆಗ ಅವನ ಮೌಂಟ್ ವರ್ನನ್ ತೋಟದಲ್ಲಿ 317 ಗುಲಾಮರು. ಅವರಲ್ಲಿ ಅವನ ಸ್ವಂತದವರು 123. ಹೆಂಡತಿಯ ಕಾಲಾನಂತರ ಇವರನ್ನು ಬಿಡುಗಡೆ ಮಾಡಬೇಕೆಂದು ಉಯಿಲು ಬರೆದಿದ್ದ. ತನ್ನ ಸಾವಿಗೆ ಇಷ್ಟು ಜನ ಕಾಯುವಂತಾಯಿತಲ್ಲ ಎಂದು ಆಕೆಗೂ ದಿಗಿಲಾಗಿರಬೇಕು; 1801ರ ಜನವರಿ 1ರಂದೇ ಬಿಟ್ಟಳು. ಆದರೆ ಅವಳ ಮೊದಲ ಗಂಡನ ಕಡೆಯಿಂದ ಬಂದ 153 ಮಂದಿ ಮೊಮ್ಮಕ್ಕಳ ಪಾಲಾದರು. ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಗುಲಾಮರು, ಹೀಗೆ ಒಡೆದ ಸಂಸಾರಗಳೇ ಬಹಳ. ತೋಟ ಪಡೆದ ತಮ್ಮನ ಮಗ ಬುಶ್ರಾಡ್ ವಾಷಿಂಗ್ಟನ್ ಸುಪ್ರೀಂ ಕೋರ್ಟಿನ ಜಡ್ಜಿ. 1821ರಲ್ಲಿ ತನ್ನ 54 ಜನ ಗುಲಾಮರನ್ನು ಲೂಸಿಯಾನಾದವರಿಗೆ ಮಾರಿದ.

ಈಗ ಹೆಸರಿನ ಲೆಕ್ಕ. ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಅಡ್ಡಹೆಸರಿನವರು ಸುಮಾರು 1,63,000. ಅದರಲ್ಲಿ ನೂರಕ್ಕೆ 90 ಮಂದಿ ಕರಿಯರು. ಇವರೆಲ್ಲ ಅವನ ತೋಟದ ಆಳುಗಳ ಸಂತಾನ ಅಂತ ತಿಳಿಯಬೇಡಿ. 1865ರಲ್ಲಿ ಗುಲಾಮಗಿರಿ ಹೋದ ಮೇಲೆ ಲಕ್ಷಾಂತರ ಜನ ತಮಗೊಂದು ಅಡ್ಡಹೆಸರು ಬರೆಸಬೇಕಾಯಿತು. ಬೂಕರ್ ಎಂಬ ಹುಡುಗ ಶಾಲೆಗೆ ಹೋದಾಗ ಹಾಜರಿಯಲ್ಲಿ ಎಲ್ಲರಿಗೂ ಎರಡೆರಡು ಹೆಸರು, ಇವನಿಗೆ ಒಂದೇ. ತನ್ನ ಸರದಿ ಬಂದಾಗ ಯೋಚಿಸಿ ವಾಷಿಂಗ್ಟನ್ ಅಂದುಬಿಟ್ಟ. ಮುಂದೆ ಟಸ್ಕೆಗೀ ವಿದ್ಯಾಸಂಸ್ಥೆ ಬೆಳೆಸಿದ ಬೂಕರ್ ಟಿ. ವಾಷಿಂಗ್ಟನ್ ಅವನೇ.

ತೋಟದಿಂದಲೇ ಈ ಹೆಸರು ಹೊತ್ತು ಹೋದವನೂ ಒಬ್ಬನಿದ್ದ. ಹ್ಯಾರಿ, ಆಫ್ರಿಕಾದ ಗ್ಯಾಂಬಿಯಾ ಕಡೆಯವನು. ಜಾರ್ಜ್ 1763ರಲ್ಲಿ ಕೊಂಡಿದ್ದ. 1776ರಲ್ಲಿ ಓಡಿಹೋಗಿ ಬ್ರಿಟಿಷ್ ಸೈನ್ಯ ಸೇರಿದ. ಯುದ್ಧ ಮುಗಿದ ಮೇಲೆ, 1783ರ ಮೇ ತಿಂಗಳಲ್ಲಿ ಜನರಲ್ ವಾಷಿಂಗ್ಟನ್ ಖುದ್ದಾಗಿ ಬ್ರಿಟಿಷ್ ಸೇನಾಪತಿಯನ್ನು ಕಂಡು, ಓಡಿಬಂದ ಗುಲಾಮರನ್ನು ವಾಪಸ್ ಕೊಡಿ ಎಂದು ಕೇಳಿದ. ಅವನು ಒಪ್ಪಲಿಲ್ಲ. ಜುಲೈನಲ್ಲಿ ಹ್ಯಾರಿ ನ್ಯೂಯಾರ್ಕಿನಿಂದ ಹಡಗು ಹತ್ತಿದ. ಪಟ್ಟಿಯಲ್ಲಿ ಹ್ಯಾರಿ ವಾಷಿಂಗ್ಟನ್, ವಯಸ್ಸು 43 ಎಂದು ಬರೆದರು. ಕೆನಡಾದ ಚಳಿಯಲ್ಲಿ ಒಂಬತ್ತು ವರ್ಷ ತಳ್ಳಿ, 1792ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್ ಸೇರಿದ. ಅಲ್ಲಿನ ಕಂಪನಿಯವರು ಕೊಟ್ಟ ಜಮೀನಿಗೆ ಕಂದಾಯ ಹಾಕಿದರು. 1800ರಲ್ಲಿ ಅಲ್ಲಿ ನೆಲೆಸಿದ್ದವರು ದಂಗೆ ಎದ್ದರು. ಹ್ಯಾರಿಯೂ ಅದರಲ್ಲಿದ್ದ. ವಿಚಾರಣೆ ನಡೆಸಿ ಅವನನ್ನು ನದಿಯ ಆಚೆ ಬುಲೋಮ್ ದಡಕ್ಕೆ ಗಡೀಪಾರು ಮಾಡಿದರು.