ದಿವಾನ್ ಪೂರ್ಣಯ್ಯನವರು ಮತ್ತು ಕಾವೇರಿಯ ನೆರೆ

ಯಳಂದೂರಿಗೆ ಹೋದವರು ಬಳೆಮಂಟಪವನ್ನು ನೋಡದೆ ಹಿಂದಿರುಗುವುದಿಲ್ಲ. ಅದೇ ಊರಿನ ಜಹಗೀರುದಾರರ ಬಂಗಲೆಯ ಮುಂದೆ ನಿಂತು ದಿವಾನ್ ಪೂರ್ಣಯ್ಯನವರನ್ನು ನೆನೆಯುವವರು ಮಾತ್ರ ವಿರಳ. ಕಾವೇರಿಯ ದಡದವರಾದ ನಮಗೆ ಅವರ ಜೀವನದಲ್ಲಿ ಕಲಿಯತಕ್ಕ ಪಾಠವೊಂದಿದೆ.

ಪೂರ್ಣಯ್ಯನವರು 1746ರ ಸುಮಾರಿನಲ್ಲಿ ಕೊಯಮತ್ತೂರು ಸೀಮೆಯ ಬಡ ಮನೆತನವೊಂದರಲ್ಲಿ ಜನಿಸಿದರು. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ವರ್ತಕರಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆದರು. ಲೆಕ್ಕದ ಜಾಣ್ಮೆಯೇ ಅವರನ್ನು ಹೈದರಾಲಿಯ ಆಸ್ಥಾನಕ್ಕೆ ಕರೆದೊಯ್ದಿತು. ಮುಂದೆ ಟಿಪ್ಪುವಿನ ಸೇವೆಯಲ್ಲಿಯೂ ಮುಂದುವರಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ 1811ರವರೆಗೆ ರಾಜ್ಯಭಾರ ನಡೆಸಿದರು.

ಯುದ್ಧಗಳಿಂದ ನಾಡು ಬಳಲಿತ್ತು. ಅವರು ಕೆರೆ ಕಾಲುವೆಗಳನ್ನು ದುರಸ್ತಿಮಾಡಿಸಿದರು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಸೇತುವೆ ಕಟ್ಟಿಸಿ, ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ನೆರೆಯನ್ನು ತಡೆದು ನಿಲ್ಲಿಸುವ ಹಟ ಆ ಕಟ್ಟಡದಲ್ಲಿಲ್ಲ. ಕಲ್ಲುಕಂಬಗಳನ್ನು ಹೊಳೆಯ ಬಂಡೆಯಲ್ಲಿಯೇ ನೆಟ್ಟು, ನಡುವೆ ನೀರಿಗೆ ದಾರಿ ಬಿಟ್ಟಿದ್ದಾರೆ. ಎರಡು ಶತಮಾನಗಳ ಪ್ರವಾಹಗಳನ್ನು ಕಂಡೂ ಅದು ನಿಂತಿದೆ. ಅವರು ಕೈಹಿಡಿದುದೆಲ್ಲವೂ ಫಲಿಸಿತೆಂದಲ್ಲ. ಕಾವೇರಿಯ ನೀರನ್ನು ಮೈಸೂರಿಗೆ ತರಲು ತೋಡಿಸಿದ ನಾಲೆ ಕೈಗೂಡಲಿಲ್ಲ. ಪ್ರಜೆಗಳಿಗಿಂತ ಬೊಕ್ಕಸದ ಮೇಲೆಯೇ ಅವರ ಕಣ್ಣೆಂದು ಆಕ್ಷೇಪಿಸಿದವರೂ ಉಂಟು.

1807ರಲ್ಲಿ ಅವರ ಸೇವೆಗೆ ಮೆಚ್ಚಿ ಯಳಂದೂರನ್ನು ಜಹಗೀರಾಗಿ ಕೊಡಲಾಯಿತು. ಸುವರ್ಣಾವತಿಯ ನೀರುಂಡು ಬೆಳೆಯುವ ಸೀಮೆಯದು. 1812ರಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ಕಾಲವಾದರು.

ಅವರ ಕಾಲಾನಂತರ ಶಿವನಸಮುದ್ರದಲ್ಲಿಯೂ ರಾಮಸ್ವಾಮಿ ಮೊದಲಿಯಾರರು ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿದರು. 2018ರ ಪ್ರವಾಹದಲ್ಲಿ ಅಲ್ಲಿಯ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಅದೇ ವರ್ಷ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರುಗಳಿಗೂ ನೀರು ನುಗ್ಗಿತು. ಮರುವರ್ಷ, 2019ರಲ್ಲಿ, ಮತ್ತೆ ನುಗ್ಗಿತು. ಇತ್ತ ಹನೂರಿನ ಕಡೆಯ ಮಳೆಯಾಶ್ರಿತ ಹೊಲಗಳ ರೈತ ಮುಗಿಲು ನೋಡುತ್ತಾನೆ. ಒಂದೇ ಸೀಮೆಯಲ್ಲಿ ನೆರೆಯೂ ಉಂಟು, ಬರವೂ ಉಂಟು.

ಹೊಳೆಯ ದಾರಿಯನ್ನು ಹೊಳೆಗೆ ಬಿಡುವುದು, ಕೆರೆಯ ಹೂಳನ್ನು ಕಾಲಕಾಲಕ್ಕೆ ತೆಗೆಯುವುದು, ಕಟ್ಟಿದ್ದನ್ನು ಕಾಪಾಡುವುದು: ಇವು ಎಂಜಿನಿಯರರ ಕೆಲಸ ಮಾತ್ರವಲ್ಲ. ಚರಿತ್ರೆ, ಭೂಗೋಳ, ಅರ್ಥಶಾಸ್ತ್ರಗಳನ್ನು ಓದುವ ನಾವೂ ಅದರಲ್ಲಿ ಪಾಲುದಾರರು. ಲೆಕ್ಕ ಬರೆಯುವ ಹುಡುಗನೊಬ್ಬ ನಾಡಿನ ನೀರಿನ ಲೆಕ್ಕವನ್ನೂ ಹಿಡಿದನು. ಆ ಲೆಕ್ಕದ ಪುಸ್ತಕ ಈಗ ನಮ್ಮ ಕೈಯಲ್ಲಿದೆ.