ತವರಿಗೆ ಹೊರಟ ಬರ್ಥಾ

ಐವತ್ತೆರಡನೇ ವಯಸ್ಸಿಗೆ ನಾನು ಕಾರು ಓಡಿಸಲು ಕಲಿಯುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನಕ್ಕರು, ಅಷ್ಟೆ. ಪುಣೆಯ ರಸ್ತೆಗಳಲ್ಲಿ ಎಡಕ್ಕೂ ಬಲಕ್ಕೂ ನುಗ್ಗುವ ಸ್ಕೂಟರುಗಳ ನಡುವೆ ಕೆಂಪು ಎಲ್ ಬೋರ್ಡ್ ಹಚ್ಚಿಕೊಂಡು ಹೋಗುವಾಗ ಕೈ ಬೆವರುತ್ತಿತ್ತು. ಒಂದೇ ಸಿಗ್ನಲ್ಲಿನಲ್ಲಿ ಮೂರು ಸಲ ಗಾಡಿ ಬಂದ್ ಬಿತ್ತು. ಹಿಂದಿನವರ ಹಾರ್ನ್ ಕೇಳಿ ಬಾಗಿಲು ತೆಗೆದು ಇಳಿದು ಓಡಿಬಿಡೋಣ ಅನ್ನಿಸಿತ್ತು. ಆ ದಿನಗಳಲ್ಲೇ ನಾನು ಬರ್ಥಾ ಬೆಂಜ್ ಎಂಬ ಜರ್ಮನ್ ಹೆಣ್ಣುಮಗಳ ಬಗ್ಗೆ ಓದತೊಡಗಿದ್ದು. ಮೊದಲು ಧೈರ್ಯಕ್ಕೆಂದು ಓದಿದೆ. ಆಮೇಲೆ ಬೇರೆ ಕಾರಣಕ್ಕೆ ಓದಿದೆ, ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮಲ್ಲಿ ಅನೇಕರು ಈಕೆಯ ಕಥೆಯನ್ನು ವಾಟ್ಸಾಪಿನಲ್ಲಿ ಓದಿರಬಹುದು. ಟೋಪಿಯ ಪಿನ್ನಿನಿಂದ ಕಾರು ರಿಪೇರಿ ಮಾಡಿದ ಹೆಂಗಸು ಎಂದು ನಾಲ್ಕು ಸಾಲು, ಕೊನೆಗೆ ಒಂದು ಗುಲಾಬಿ ಹೂವು. ಪಿನ್ನಿನ ಕಥೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬರ್ಥಾಳ ಕಥೆ ಅಲ್ಲಿಂದ ಶುರುವಾಗುವುದಿಲ್ಲ.

ಆಕೆ ಹುಟ್ಟಿದ್ದು 1849ರ ಮೇ 3ರಂದು, ಆಗಿನ ಬಾಡೆನ್ ಸಂಸ್ಥಾನದ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ಚಿನ್ನದ ಆಭರಣಗಳ ತಯಾರಿಕೆಗೆ ಹೆಸರಾದ ಊರದು. ತಂದೆ ಬಡಗಿಯ ಕಸುಬಿನಿಂದ ಮೇಲೆ ಬಂದು, ಮನೆ ಕಟ್ಟಿಸಿಕೊಡುವ ಕೆಲಸದಲ್ಲಿ ನಾಲ್ಕು ಕಾಸು ಕೂಡಿಸಿದ್ದವರು. ಮಗಳು ಹುಟ್ಟಿದ ದಿನ ಮನೆಯ ಬೈಬಲ್‌ನಲ್ಲಿ ಅವರು, ದುರದೃಷ್ಟಕ್ಕೆ ಈ ಸಲವೂ ಹೆಣ್ಣೇ ಆಯಿತೆಂದು ಬರೆದಿಟ್ಟಿದ್ದರಂತೆ. ಮುಂದೆ ಹುಡುಗಿಯ ಕಣ್ಣಿಗೇ ಆ ಸಾಲು ಬಿತ್ತೆಂದು ಆಕೆಯ ಜೀವನ ಬರೆದವರು ಹೇಳುತ್ತಾರೆ. ಜರ್ಮನಿಯಾದರೇನು, ಜಮಖಂಡಿಯಾದರೇನು, ಈ ಮಾತು ಮಾತ್ರ ನಮಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ.

1869ರ ಜೂನ್‌ನಲ್ಲಿ ಒಂದು ಸಂಘದವರ ವಿಹಾರಕ್ಕೆ ತಾಯಿಯ ಜೊತೆ ಹೋದಾಗ ಆಕೆಗೆ ಕಾರ್ಲ್ ಬೆಂಜ್ ಪರಿಚಯವಾದ. ರೈಲು ಎಂಜಿನ್ ಓಡಿಸುತ್ತಿದ್ದ ಅವನ ತಂದೆ, ಮಗ ಎರಡು ವರ್ಷದವನಿರುವಾಗಲೇ ತೀರಿಕೊಂಡಿದ್ದರು. ವಿಧವೆ ತಾಯಿ ಕಷ್ಟಪಟ್ಟು ಎಂಜಿನಿಯರಿಂಗ್ ಓದಿಸಿದ್ದಳು. ಹುಡುಗನ ಕೈಯಲ್ಲಿ ವಿದ್ಯೆ ಇತ್ತು, ತಲೆಯಲ್ಲಿ ಕುದುರೆಯಿಲ್ಲದೆ ಓಡುವ ಗಾಡಿಯ ಕನಸಿತ್ತು, ಜೇಬಿನಲ್ಲಿ ಏನೂ ಇರಲಿಲ್ಲ. 1871ರಲ್ಲಿ ಅವನು ಮಾನ್‌ಹೈಮ್ ಪಟ್ಟಣದಲ್ಲಿ ಔಗುಸ್ಟ್ ರಿಟ್ಟರ್ ಎಂಬುವನ ಜೊತೆ ಪಾಲಿನಲ್ಲಿ ಒಂದು ವರ್ಕ್‌ಶಾಪ್ ತೆರೆದ. ಪಾಲುಗಾರಿಕೆ ವರ್ಷ ತುಂಬುವುದರೊಳಗೆ ಕೆಟ್ಟಿತು. ರಿಟ್ಟರ್‌ನ ಪಾಲನ್ನು ಕೊಂಡುಕೊಳ್ಳದೆ ಬೇರೆ ದಾರಿ ಇರಲಿಲ್ಲ, ಕೊಳ್ಳಲು ಹಣವಿರಲಿಲ್ಲ.

ಆಗ ಬರ್ಥಾ ತನ್ನ ಮದುವೆಗೆಂದು ಇಟ್ಟಿದ್ದ ಹಣವನ್ನು ಮದುವೆಗೆ ಮುಂಚೆಯೇ ಕೊಡಿಸೆಂದು ತಂದೆಯನ್ನು ಕೇಳಿ ಪಡೆದಳು. ಆ ಹಣದಿಂದ ರಿಟ್ಟರ್‌ನನ್ನು ಬಿಡಿಸಿ, ವರ್ಕ್‌ಶಾಪ್ ಕಾರ್ಲ್‌ನ ಕೈಗೆ ಬರುವಂತೆ ಮಾಡಿದಳು. ಇಬ್ಬರ ಮದುವೆಯಾದದ್ದು 1872ರ ಜುಲೈ 20ರಂದು. ಮದುವೆಯಾದ ಹೆಂಗಸಿಗೆ ಆಗಿನ ಕಾನೂನಿನಲ್ಲಿ ತಾನಾಗಿ ಹಣದ ವ್ಯವಹಾರ ಮಾಡುವ ಹಕ್ಕಿರಲಿಲ್ಲ. ಅಂದರೆ ಆಕೆ ಅಂಥ ತೀರ್ಮಾನವನ್ನು ಸ್ವಂತ ಬಲದ ಮೇಲೆ ತೆಗೆದುಕೊಂಡದ್ದು ಮದುವೆಗೆ ಮುಂಚಿನ ಆ ಕೆಲವು ತಿಂಗಳುಗಳಲ್ಲೇ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಒಳಗೆ ಹೋಗಿ ನಮ್ಮ ಅತ್ತೆಯವರ ಕೈ ನೋಡಿದೆ. ಅವರಿಗೆ ಈಗ ಎಂಬತ್ತನಾಲ್ಕು. ಕೈಯಲ್ಲಿ ಹಸಿರು ಗಾಜಿನ ಬಳೆ ಬಿಟ್ಟರೆ ಏನಿಲ್ಲ. 1974ರಲ್ಲಿ ಮಾವನವರು ಭೋಸರಿಯಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಮೊದಲ ಲೇತ್ ಮಶಿನ್ ತಂದಾಗ, ಧಾರವಾಡದ ತವರಿನಿಂದ ಬಂದಿದ್ದ ಪಾಟಲಿ, ಬಿಲ್ವಾರ ಎಲ್ಲ ಅದಕ್ಕೆ ಹೋದವು. ಮಶಿನ್ ನಡೆಯಿತು, ಮನೆ ನಡೆಯಿತು, ಮಕ್ಕಳು ಓದಿದರು. ಮುಂದೆ ಶೆಡ್ಡಿಗೆ ಬೋರ್ಡ್ ಬಂತು. ಮಾವನವರ ಹೆಸರು, ಅದರ ಪಕ್ಕದಲ್ಲಿ ಆಂಡ್ ಸನ್ಸ್. ನಾನು ಸೊಸೆಯಾಗಿ ಬಂದ ಮೇಲೆ ಆ ಬೋರ್ಡನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ! ಒಂದು ಸಲವೂ ಏನೂ ಅನ್ನಿಸಿರಲಿಲ್ಲ.

ಬರ್ಥಾಳ ಹಣ ಅಷ್ಟು ಬೇಗ ಫಲ ಕೊಡಲಿಲ್ಲ. ಮಕ್ಕಳಾದರು, ಸಾಲವಾಯಿತು. 1870ರ ದಶಕದ ಕೊನೆಗೆ ಕಾರ್ಲ್ ತನ್ನ ಎಂಜಿನ್ನಿನ ಮೇಲೆ ಹಗಲೂ ರಾತ್ರಿ ಕೂತಿದ್ದ. ಅದು ಓಡಬೇಕು, ಓಡುತ್ತಿರಲಿಲ್ಲ. 1879ರ ಡಿಸೆಂಬರ್ 31ರ ರಾತ್ರಿ ಊಟವಾದ ಮೇಲೆ, ಇನ್ನೊಂದು ಸಲ ನೋಡೋಣವೆಂದು ಅವನನ್ನು ಎಬ್ಬಿಸಿಕೊಂಡು ವರ್ಕ್‌ಶಾಪಿಗೆ ಹೋದವಳು ಬರ್ಥಾ. ಆ ರಾತ್ರಿ ಎಂಜಿನ್ ನಿಲ್ಲದೆ ಓಡಿತು. ಇಬ್ಬರೂ ಅದರ ಸದ್ದು ಕೇಳುತ್ತ ನಿಂತಿದ್ದರು, ಹೊರಗೆ ಹೊಸ ವರ್ಷದ ಗಂಟೆಗಳು ಹೊಡೆದುಕೊಂಡವು. ಇದನ್ನು ಕಾರ್ಲ್ ತಾನೇ ಮುದಿತನದಲ್ಲಿ ನೆನೆದು ಬರೆದಿದ್ದಾನೆ.

1883ರಲ್ಲಿ ಹೊಸ ಪಾಲುಗಾರರು ಸಿಕ್ಕರು, ಬೆಂಜ್ ಕಂಪನಿ ನಿಂತಿತು. 1886ರ ಜನವರಿ 29ರಂದು ಕಾರ್ಲ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಅದರ ಸಂಖ್ಯೆ 37435. ಮೋಟಾರು ಕಾರಿನ ಜನ್ಮಪತ್ರಿಕೆ ಎಂದು ಇಂದಿಗೂ ತೋರಿಸುವುದು ಅದನ್ನೇ. ಅದರ ಮೇಲಿರುವುದು ಕಾರ್ಲ್‌ನ ಕಂಪನಿಯ ಹೆಸರು. ಗಾಡಿಗೆ ಮೂರು ಚಕ್ರ, ಒಂದೇ ಸಿಲಿಂಡರ್, ಮುಕ್ಕಾಲು ಕುದುರೆಯಷ್ಟು ಬಲ, ಗಂಟೆಗೆ ಹೆಚ್ಚೆಂದರೆ 16 ಕಿಲೋಮೀಟರ್ ವೇಗ. ತಿರುಗಿಸಲು ಸ್ಟೇರಿಂಗ್ ಚಕ್ರವಿಲ್ಲ, ಒಂದು ಹಿಡಿಕೆ. ಚಾಲೂ ಮಾಡಲು ಹಿಂದೆ ಹೋಗಿ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಬೇಕು.

ಗಾಡಿಯೇನೋ ಓಡಿತು, ಕೊಳ್ಳುವವರು ಬರಲಿಲ್ಲ. ಪಾಲುಗಾರರ ಆಸೆ ಒಂದೆಡೆ ನಿಂತು ಕೆಲಸ ಮಾಡುವ ಎಂಜಿನ್‌ಗಳ ಮೇಲಿತ್ತು, ದುಡ್ಡು ಬರುತ್ತಿದ್ದದ್ದೂ ಅದರಿಂದಲೇ. ಕಾರ್ಲ್‌ನದು ಇನ್ನೂ ಸರಿಯಾಗಬೇಕು, ಇನ್ನೂ ಸರಿಯಾಗಬೇಕು ಎನ್ನುವ ಸ್ವಭಾವ. ಊರೊಳಗೆ ಸ್ವಲ್ಪ ದೂರ ಓಡಿಸಿ ತಂದು ಮತ್ತೆ ಬಿಚ್ಚುತ್ತಿದ್ದ. ಇಂಥ ಗಂಡಸರನ್ನು ನಾವೂ ಕಂಡಿದ್ದೇವೆ. ಕೈಯಲ್ಲಿ ಚಿನ್ನ ಇರುತ್ತದೆ, ಬಾಯಿ ಬಿಟ್ಟು ಹೇಳಲು ಬರುವುದಿಲ್ಲ.

1888ರ ಆಗಸ್ಟ್ ತಿಂಗಳು, ಶಾಲೆಗೆ ರಜೆ. ಬರ್ಥಾಗೆ ಮೂವತ್ತೊಂಬತ್ತು. ಒಂದು ಬೆಳಗಿನ ಜಾವ, ಗಂಡ ಏಳುವ ಮೊದಲೇ, ಆಕೆ ದೊಡ್ಡ ಮಕ್ಕಳಾದ ಓಯ್ಗೆನ್ ಮತ್ತು ರಿಚರ್ಡ್‌ರನ್ನು ಕರೆದುಕೊಂಡು ಗಾಡಿಯನ್ನು ಹೊರಗೆ ತೆಗೆದಳು. ಗಂಡನಿಗೆ ಹೇಳಿರಲಿಲ್ಲ. ಹೊರಟದ್ದು ತವರಿಗೆ, ಫೋರ್ಟ್ಸ್‌ಹೈಮ್‌ನಲ್ಲಿದ್ದ ತಾಯಿಯನ್ನು ನೋಡಲು. ದೂರ 100 ಕಿಲೋಮೀಟರಿಗೂ ಮಿಕ್ಕಿ. ಅಷ್ಟು ದೂರವನ್ನು ಮೋಟಾರು ಗಾಡಿಯಲ್ಲಿ ಆವರೆಗೆ ಯಾರೂ ಹೋಗಿರಲಿಲ್ಲ. ತವರಿಗೆ ಹೋಗಬೇಕೆಂದರೆ ರೈಲಿತ್ತು, ಗಾಡಿಯೇ ಬೇಕಿರಲಿಲ್ಲ. ತಾಯಿ ಒಂದು ನೆಪ. ಈ ಯಂತ್ರ ಊರಿಂದೂರಿಗೆ ಮನುಷ್ಯರನ್ನು ಮುಟ್ಟಿಸುತ್ತದೆ ಎಂದು ಗಂಡನಿಗೂ ಜಗತ್ತಿಗೂ ತೋರಿಸಬೇಕಿತ್ತು. ನಾವೂ ಎಷ್ಟೋ ಸಲ ತವರಿನ ನೆಪದಲ್ಲಿ ನಮ್ಮ ಬೇರೆ ಕೆಲಸ ಸಾಧಿಸಿಕೊಂಡಿಲ್ಲವೇ?

ದಾರಿಯೆಂದರೆ ಕುದುರೆಗಾಡಿಯ ಮಣ್ಣಿನ ದಾರಿ. ಪೆಟ್ರೋಲ್ ಬಂಕ್ ಎಂಬ ಪದವೇ ಹುಟ್ಟಿರಲಿಲ್ಲ. ಗಾಡಿಗೆ ಬೇಕಾದದ್ದು ಲಿಗ್ರೊಯಿನ್ ಎಂಬ ಪೆಟ್ರೋಲಿನಂಥ ದ್ರವ. ಬಟ್ಟೆಯ ಕಲೆ ತೆಗೆಯಲೆಂದು ಅದನ್ನು ಔಷಧಿ ಅಂಗಡಿಗಳಲ್ಲಿ ಮಾರುತ್ತಿದ್ದರು. ಗಾಡಿಯಲ್ಲಿ ಹಿಡಿಯುತ್ತಿದ್ದದ್ದು ಕೆಲವೇ ಲೀಟರು. ಹೈಡೆಲ್‌ಬರ್ಗ್ ದಾಟಿ ವೀಸ್‌ಲೊಖ್ ಎಂಬ ಸಣ್ಣ ಊರಿಗೆ ಬರುವಷ್ಟರಲ್ಲಿ ಅದು ಮುಗಿಯುತ್ತ ಬಂದಿತ್ತು. ಬರ್ಥಾ ಅಲ್ಲಿಯ ಔಷಧಿ ಅಂಗಡಿಗೆ ಹೋಗಿ ಲಿಗ್ರೊಯಿನ್ ಕೊಂಡಳು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ನಮ್ಮದು ಎಂದು ಆ ಊರಿನವರು ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಎಂಜಿನ್ ತಣ್ಣಗಿರಲು ನೀರು ಬೇಕು. ಆ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಆದ್ದರಿಂದ ಕಂಡ ಕಂಡ ಬಾವಿಯಲ್ಲಿ, ಹಳ್ಳದಲ್ಲಿ ತುಂಬಿಸಿಕೊಳ್ಳುತ್ತ ಹೋಗಬೇಕು. ಇಂಧನ ಬರುವ ಕೊಳವೆ ಕಟ್ಟಿಕೊಂಡಾಗ ಆ ಪ್ರಸಿದ್ಧ ಟೋಪಿಯ ಪಿನ್ನು ಹೊರಬಂತು. ಕಿಡಿ ಹೊತ್ತಿಸುವ ತಂತಿ ಸವೆದು ಬರಿದಾದಾಗ, ಕಾಲುಚೀಲ ಜಾರದಂತೆ ಕಟ್ಟಿಕೊಳ್ಳುವ ಪಟ್ಟಿಯನ್ನೇ ಬಿಚ್ಚಿ ಸುತ್ತಿದಳು. ಹಿಂದಿನ ಚಕ್ರ ತಿರುಗಿಸುವ ಚೈನನ್ನು ಬ್ರುಖ್‌ಸಾಲ್‌ನಲ್ಲಿ ಒಬ್ಬ ಕಮ್ಮಾರ ಸರಿಮಾಡಿಕೊಟ್ಟ. ಏರು ಬಂದರೆ ಗಾಡಿ ಸೋಲುತ್ತಿತ್ತು. ಆಗ ಹಗುರವಾದವರು ಒಬ್ಬರು ಕೂತು ಹಿಡಿಕೆ ಹಿಡಿಯುವುದು, ಉಳಿದಿಬ್ಬರು ಹಿಂದಿನಿಂದ ನೂಕುವುದು. ಇಳಿಜಾರಿನಲ್ಲಿ ಬೇರೆ ಕಷ್ಟ. ಬ್ರೇಕ್ ಎಂದರೆ ಚಕ್ರಕ್ಕೆ ಒತ್ತುವ ಮರದ ತುಂಡು, ಅದು ಸವೆದುಹೋಗುತ್ತಿತ್ತು. ಬರ್ಥಾ ಬೂಟು ಹೊಲಿಯುವವನ ಹತ್ತಿರ ಹೋಗಿ ಆ ತುಂಡುಗಳಿಗೆ ಚರ್ಮ ಹೊಡೆಸಿದಳು. ಇಂದು ನಮ್ಮ ಕಾರು ಸರ್ವೀಸಿಗೆ ಹೋದಾಗ ಬಿಲ್ಲಿನಲ್ಲಿ ಬರೆಯುತ್ತಾರಲ್ಲ ಬ್ರೇಕ್ ಲೈನಿಂಗ್ ಎಂದು, ಅದರ ಮೂಲ ಇದೇ ಎನ್ನುತ್ತಾರೆ.

ಪಿನ್ನು ಮತ್ತು ಪಟ್ಟಿ ಎಲ್ಲರ ಬಾಯಲ್ಲೂ ಇವೆ, ಏಕೆಂದರೆ ಅವು ಹೆಂಗಸಿನ ಸಾಮಾನು, ಕೇಳಲು ತಮಾಷೆ. ನನಗೆ ಮುಖ್ಯವೆನಿಸಿದ್ದು ಬೇರೆ. ಕೊಳವೆ ಎಲ್ಲಿ ಕಟ್ಟಿದೆ, ಯಾವ ತಂತಿ ಎಲ್ಲಿ ತಗಲುತ್ತಿದೆ ಎಂದು ಗೊತ್ತಿದ್ದರೆ ತಾನೆ ಪಿನ್ನು ಚುಚ್ಚುವುದು? ಹದಿನಾರು ವರ್ಷ ಆ ವರ್ಕ್‌ಶಾಪಿನ ಪಕ್ಕದಲ್ಲಿ ಬದುಕಿದವಳು ಆಕೆ. ನನ್ನ ಕಾರಿನ ಬಾನೆಟ್ ತೆಗೆದರೆ ನೀರು ಹಾಕುವ ಜಾಗ ಯಾವುದೆಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು.

ಸಂಜೆ ಕತ್ತಲಾಗುವ ಹೊತ್ತಿಗೆ ಮೂವರೂ ಧೂಳು ಮೆತ್ತಿಕೊಂಡು ಫೋರ್ಟ್ಸ್‌ಹೈಮ್ ಸೇರಿದರು. ಮುಟ್ಟಿದೆವೆಂದು ಕಾರ್ಲ್‌ಗೆ ತಂತಿ ಕಳಿಸಿದರು. ಕೆಲವು ದಿನ ತವರಿನಲ್ಲಿದ್ದು ಅದೇ ಗಾಡಿಯಲ್ಲಿ ವಾಪಸ್ ಬಂದರು. ಬರಿಗೈಯಲ್ಲಿ ಬರಲಿಲ್ಲ, ಏನೇನು ಸರಿಮಾಡಬೇಕೆಂಬ ಪಟ್ಟಿ ತಂದರು. ಗುಡ್ಡ ಹತ್ತಲು ಇನ್ನೊಂದು ಗೇರ್ ಬೇಕು ಎಂಬುದು ಅದರಲ್ಲಿ ಮುಖ್ಯವಾದದ್ದು, ಕಾರ್ಲ್ ಅದನ್ನು ಸೇರಿಸಿದ. ಅದೇ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನ ಯಂತ್ರ ಪ್ರದರ್ಶನದಲ್ಲಿ ಅವನ ಗಾಡಿಗೆ ಚಿನ್ನದ ಪದಕ ಬಂತು. ಪ್ಯಾರಿಸ್ಸಿನಿಂದ ಕೊಳ್ಳುವವರು ಬಂದರು. 1894ರಿಂದ ವೇಲೋ ಎಂಬ ಸಣ್ಣ ಗಾಡಿ ನೂರಾರು ಸಂಖ್ಯೆಯಲ್ಲಿ ಹೋಯಿತು. ಆ ಶತಮಾನ ಮುಗಿಯುವ ಹೊತ್ತಿಗೆ ಬೆಂಜ್ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಮಾಡುವ ಕಂಪನಿ.

ಆಮೇಲಿನದು ಕಂಪನಿಯ ಕಥೆ, ಬೇಗ ಹೇಳಿಬಿಡುತ್ತೇನೆ. 1903ರಲ್ಲಿ ಕಾರ್ಲ್ ಒಳಜಗಳದಿಂದ ಬೇಸತ್ತು ಆಡಳಿತದಿಂದ ಹೊರಬಂದ. ಮಾನ್‌ಹೈಮ್ ಹತ್ತಿರದ ಲಾಡೆನ್‌ಬರ್ಗ್‌ನಲ್ಲಿ 1906ರಲ್ಲಿ ಇನ್ನೊಂದು ಕಾರ್ಖಾನೆ ತೆರೆದ. ಅದರ ಹೆಸರು ಓದಿ ನಾನು ನಕ್ಕುಬಿಟ್ಟೆ: ಕಾರ್ಲ್ ಬೆಂಜ್ ಮತ್ತು ಪುತ್ರರು. ಬರ್ಥಾಗೆ ಇಬ್ಬರು ಗಂಡುಮಕ್ಕಳ ಜೊತೆ ಕ್ಲಾರಾ, ಥಿಲ್ಡೆ, ಎಲೆನ್ ಎಂಬ ಮೂವರು ಹೆಣ್ಣುಮಕ್ಕಳೂ ಇದ್ದರು. ಭೋಸರಿಯ ಬೋರ್ಡಿಗೂ ಲಾಡೆನ್‌ಬರ್ಗ್‌ನ ಬೋರ್ಡಿಗೂ ಎಷ್ಟು ವರ್ಷದ ಅಂತರ, ಎಷ್ಟು ಸಮುದ್ರದ ಅಂತರ!

1926ರಲ್ಲಿ ಬೆಂಜ್ ಕಂಪನಿ ಡೈಮ್ಲರ್ ಕಂಪನಿಯೊಂದಿಗೆ ಸೇರಿ ಮರ್ಸಿಡಿಸ್ ಬೆಂಜ್ ಎಂಬ ಹೆಸರು ಹುಟ್ಟಿತು. ಮರ್ಸಿಡಿಸ್ ಎಂಬುದೊಂದು ಹುಡುಗಿಯ ಹೆಸರು, ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಯೆಲ್ಲಿನೆಕ್ ಎಂಬ ಶ್ರೀಮಂತನ ಮಗಳದು. ನಮ್ಮ ಪುಣೆಯ ಚಾಕಣದಲ್ಲೂ ಆ ಕಂಪನಿಯ ಕಾರ್ಖಾನೆ ಇದೆ. ಆ ಕಡೆ ಹೋದಾಗಲೆಲ್ಲ ಈಗ ನನಗೆ ನೆನಪಾಗುತ್ತದೆ. ಕಾರು ಮಾಡದ, ಕಾರಿಗೆ ಕಾಸು ಕೊಡದ ಮಗುವಿನ ಹೆಸರು ಜಗತ್ತೆಲ್ಲ ಓಡಾಡುತ್ತಿದೆ. ಬರ್ಥಾಳದು ಎಂದರೆ ಗಂಡನ ಮನೆಯ ಹೆಸರಷ್ಟೇ ಅದರಲ್ಲಿದೆ.

ಕಾರ್ಲ್‌ನನ್ನು ನಾನು ದೂರುತ್ತಿಲ್ಲ. 1925ರಲ್ಲಿ ಬಂದ ಆತ್ಮಕಥೆಯಲ್ಲಿ ಅವನು, ತನ್ನ ಬಾಳಿನ ದೋಣಿ ಮುಳುಗುವಂತಿದ್ದ ದಿನಗಳಲ್ಲಿ ಜೊತೆಗೆ ಉಳಿದವಳು ಹೆಂಡತಿ ಒಬ್ಬಳೇ ಎಂದು ಮನಸ್ಸು ತುಂಬಿ ಬರೆದಿದ್ದಾನೆ. ಅಷ್ಟು ಬರೆದ ಗಂಡಂದಿರು ಎಷ್ಟು ಜನ? 1929ರ ಏಪ್ರಿಲ್ 4ರಂದು ಲಾಡೆನ್‌ಬರ್ಗ್‌ನ ಮನೆಯಲ್ಲಿ ಅವನು ತೀರಿಕೊಂಡ. ಬರ್ಥಾ ಇನ್ನೂ ಹದಿನೈದು ವರ್ಷ ಆ ಮನೆಯಲ್ಲಿದ್ದಳು. 1944ರ ಮೇ 3ರಂದು, ಆಕೆಗೆ ತೊಂಬತ್ತೈದು ತುಂಬಿದ ದಿನ, ಗಂಡ ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ ಆಕೆಗೆ ಗೌರವ ಸೆನೆಟರ್ ಎಂಬ ಪದವಿ ಕೊಟ್ಟಿತು. ಮೇ 5ರಂದು ಆಕೆ ತೀರಿಕೊಂಡಳು. ಆಕೆ ಹೋದ ದಾರಿಗೆ 2008ರಲ್ಲಿ ಆಕೆಯ ಹೆಸರಿಟ್ಟರು. ಹೋಗಿ ಬರುವುದಕ್ಕೆ ಒಟ್ಟು 194 ಕಿಲೋಮೀಟರ್, ಉದ್ದಕ್ಕೂ ಬೋರ್ಡುಗಳಿವೆ. ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ನಲ್ಲಿ ಕಾರ್ಲ್‌ಗೆ 1984ರಲ್ಲೇ ಜಾಗ ಸಿಕ್ಕಿತ್ತು, ಬರ್ಥಾಗೆ ಸಿಕ್ಕಿದ್ದು 2016ರಲ್ಲಿ.

ಹೋದ ದೀಪಾವಳಿಗೆ ಮುಂಚೆ ಅತ್ತೆಯವರನ್ನು ಕಣ್ಣಿನ ಡಾಕ್ಟರ ಹತ್ತಿರ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಎಲ್ ಬೋರ್ಡ್ ಅಷ್ಟರಲ್ಲಿ ಹೋಗಿತ್ತು. ದಾರಿಯಲ್ಲಿ ಟ್ರಾಫಿಕ್ ಜಾಮ್, ಹೊತ್ತು ಕಳೆಯಲೆಂದು ಬರ್ಥಾಳ ಕಥೆ ಪೂರ್ತಿ ಹೇಳಿದೆ. ಗಂಡನಿಗೆ ಹೇಳದೆ ಹೋದದ್ದಕ್ಕೆ ಅವರು ನಗಲಿಲ್ಲ, ಪಿನ್ನಿಗೂ ನಗಲಿಲ್ಲ. ಸುಮ್ಮನೆ ಕೇಳಿಸಿಕೊಂಡು, ತವರಿನಿಂದ ತಂದ ಆ ಹಣ ಅವಳಿಗೆ ಯಾವಾಗ ತಿರುಗಿ ಕೊಟ್ಟರು ಅಂತ ಒಂದೇ ಒಂದು ಮಾತು ಕೇಳಿದರು. ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಹಿಂದಿನವನು ಹಾರ್ನ್ ಹೊಡೆದ. ಅತ್ತೆಯವರು ಗಾಜು ಇಳಿಸಿ ಹಿಂದಕ್ಕೆ ಕತ್ತು ತಿರುಗಿಸಿ ಅವನನ್ನು ದುರುಗುಟ್ಟಿ ನೋಡಿದರು. ನಾನು ಗೇರ್ ಹಾಕಿದೆ.