ಶಬ್ದದ ಪಾಠದಲ್ಲಿ ಅಮೀರಬಾಯಿ ಕರ್ನಾಟಕಿ

ಬೇಡಕಿಹಾಳದಲ್ಲಿ ಎಂಟನೇ ತರಗತಿಗೆ ‘ಶಬ್ದ’ ಪಾಠ ಮಾಡುವಾಗ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಜೀವನವನ್ನು ಹೇಳಿದೆ. ಹುಟ್ಟೂರು ಬೀಳಗಿ, ಆಗ ವಿಜಾಪುರ ಜಿಲ್ಲೆ. ಅಕ್ಕ ಗೋಹರಬಾಯಿಯೂ ಗಾಯಕಿ. ಅಮೀರಬಾಯಿ ಮುಂಬೈಗೆ ಹೋಗಿ ಸಿನಿಮಾಗಳಲ್ಲಿ ನಟಿಸಿದರು, ಹಾಡಿದರು. 1943ರ ‘ಕಿಸ್ಮತ್’ ಚಿತ್ರದ ಸಂಗೀತ ಅನಿಲ್ ಬಿಸ್ವಾಸರದು. ತೆರೆಯ ಮೇಲೆ ತುಟಿ ಆಡಿಸಿದವರು ಮುಮ್ತಾಜ್ ಶಾಂತಿ, ದನಿ ಅಮೀರಬಾಯಿಯವರದು. ಮಕ್ಕಳಿಗೆ ಇದೇ ಬಹಳ ಸೋಜಿಗ. ಮರುವರ್ಷ ನೌಷಾದರ ‘ರತನ್’ ಬಂತು.

ಆಗಿನ ರೆಕಾರ್ಡು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಬದಿಗೆ ಸುಮಾರು 3 ನಿಮಿಷದ ಹಾಡು. ಹಾಡಿಗೆ 234 ಸುತ್ತು ಎಂದು ಮಕ್ಕಳೇ ಲೆಕ್ಕ ಹಾಕಿದರು. (ಪಾಠ ಯೋಜನೆಯಲ್ಲಿ ಇದು ಇರಲಿಲ್ಲ.) ಲತಾ ಮಂಗೇಶಕರ್ ಬಂದ ಮೇಲೆ ಅಮೀರಬಾಯಿಯವರಿಗೆ ಹಾಡುಗಳು ಕಡಿಮೆಯಾದವು. ವಿಜಾಪುರದ ಅಮೀರ ಟಾಕೀಜ್ ಅವರು ಕಟ್ಟಿಸಿದ್ದು. 1965ರಲ್ಲಿ ತೀರಿಕೊಂಡರು.

ಮದುವೆಯಲ್ಲಿ ಅವರು ಪಟ್ಟ ಹಿಂಸೆಯನ್ನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಕರಿಹಲಗೆಯ ಮುಂದೆ ನಿಂತಾಗ ಬಿಟ್ಟುಬಿಟ್ಟೆ. ಹಾಡಲು ಅವರ ಮನೆಯಲ್ಲಿ ಬಿಡುತ್ತಿದ್ದರಾ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಅಕ್ಕನೂ ಹಾಡುತ್ತಿದ್ದರಲ್ಲ ಎಂದಷ್ಟೇ ಹೇಳಿ ಮುಂದೆ ಹೋದೆ. ಮೇಲ್ವಿಚಾರಕರು ಒಳ್ಳೆಯ ಅಂಕ ಕೊಟ್ಟರು. ಆ ಹುಡುಗಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ ಅನಿಸುತ್ತದೆ.